ಮನೆಪಟ್ಟಿಯ ಪಾವತಿ ಮತ್ತು ಶೇಕಡಾ ಪಾಠ: ಶಾಲೆಗೆ ಆಗುವ ಖರ್ಚಿನಿಂದ ಊರಿನ ವಿದ್ಯಾಪ್ರೀತಿಯನ್ನು ಅಳೆಯಬಹುದೇ?

ತರಗತಿ: 7. ವಿಷಯ: ಗಣಿತ. ಘಟಕ: ಪರಿಮಾಣಗಳ ಹೋಲಿಕೆ. ಅವಧಿಗಳು: 3. ಸ್ಥಳ: ಅಗಡಿ ಭಾಗದ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ.

ಬೋಧನಾಭ್ಯಾಸಕ್ಕೆ ಹೋದ ಎರಡನೆಯ ವಾರ ಪಾಲಕರ ಸಭೆಯಲ್ಲಿ ನಾನು ಆಡಬಾರದ ಒಂದು ಮಾತು ಆಡಿದೆ. ಮುಂದಿನ ಮೂರು ಪಾಠಗಳು ಆ ಮಾತಿನಿಂದಲೇ ಹುಟ್ಟಿದವು. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಸಭೆಯನ್ನು ಬೆಳಿಗ್ಗೆ 11 ಗಂಟೆಗೆ ಕರೆದಿದ್ದರು. ಬಂದವರು ಕೆಲವೇ ಜನ, ಅವರಲ್ಲೂ ಹೆಚ್ಚಿನವರು ತಾಯಂದಿರು. ನಲಿ-ಕಲಿ ಕೋಣೆಯ ಫ್ಯಾನ್ ಕೆಟ್ಟು ತಿಂಗಳಾಗಿತ್ತು. ಅದರ ದುರಸ್ತಿಗೆ, ಜೊತೆಗೆ ಇನ್ನಷ್ಟು ಸಣ್ಣಪುಟ್ಟ ಕೆಲಸಗಳಿಗೆ ಮನೆಗೆ ನೂರು ರೂಪಾಯಿ ಕೂಡಿಸೋಣ ಎಂದು ಎಸ್‌ಡಿಎಂಸಿ ಅಧ್ಯಕ್ಷರು ಹೇಳಿದರು. ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಪ್ರಶಿಕ್ಷಣಾರ್ಥಿಗಳೂ ಎರಡು ಮಾತು ಹೇಳಲಿ ಎಂದು ನನಗೆ ಅವಕಾಶ ಕೊಟ್ಟರು. ನಾನು ಹುರುಪಿನಲ್ಲಿ, "ಜಾತ್ರಿಗೆ ಪಟ್ಟಿ ಎತ್ತಿದರ ಕೊಡ್ತೀರಿ, ಗುಡಿ ಕೆಲಸಕ್ಕ ಕೊಡ್ತೀರಿ, ಸಾಲಿಗೆ ನೂರು ರೂಪಾಯಿ ಅಂದ್ರ ಹಿಂದಮುಂದ ನೋಡ್ತೀರಿ" ಅಂದುಬಿಟ್ಟೆ.

ಹಿಂದೆ ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ತಾಯಿ ಎದ್ದು ನಿಂತರು. "ಅಕ್ಕೋರ, ನೀವು ಹೇಳೂದು ಖರೇ ಇರಬಹುದರಿ. ಆದ್ರ ನಾ ಇವತ್ತ ಕ್ರಾಸಿಂಗ್ ಕೆಲಸಾ ಬಿಟ್ಟ ಬಂದೀನ್ರಿ. ಹೋಗಿದ್ರ ಮುನ್ನೂರು ರೂಪಾಯಿ ಬರತಿತ್ತು. ಈ ಮುನ್ನೂರಕ್ಕ ಪಾವತಿ ಯಾರು ಬರಕೊಡ್ತಾರ್ರಿ?"

ನಮ್ಮ ಭಾಗದವರಿಗೆ ಕ್ರಾಸಿಂಗ್ ಎಂದರೆ ವಿವರಿಸಬೇಕಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ರಾಣೇಬೆನ್ನೂರಿನ ಸುತ್ತ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಕಸುಬು. ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸವನ್ನು ಬಹುಪಾಲು ಹೆಣ್ಣುಮಕ್ಕಳೇ ಮಾಡುತ್ತಾರೆ. ಹೂವು ಅರಳುವ ಹೊತ್ತಿಗೆ ಹೊಲದಲ್ಲಿ ಇರದಿದ್ದರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಬೆಳಿಗ್ಗೆ 11 ಗಂಟೆಯ ಸಭೆಗೆ ಅವರು ತೆತ್ತ ಬೆಲೆ ಅದು.

ಸಭೆ ಮುಗಿದ ಮೇಲೆ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಗದರಿಸಲಿಲ್ಲ. ನನ್ನ ಅವಲೋಕನ ಪುಸ್ತಕ ತೆರೆದು ಒಂದು ಸಾಲು ಬರೆದರು, ಅಷ್ಟೇ. ಈ ಊರು ಶಿಕ್ಷಣಕ್ಕೆ ಬೆಲೆ ಕೊಡುವುದಿಲ್ಲ ಎಂಬ ತೀರ್ಮಾನಕ್ಕೆ ಯಾವ ಅಳತೆಗೋಲು ಬಳಸಿದಿರಿ ಎಂಬುದು ಅದರ ಅರ್ಥ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಗಣಿತ ಓದಿದವಳಿಗೆ ಉತ್ತರ ಹೊಳೆಯಲಿಲ್ಲ. ಹೇಗೂ ಮರುದಿನದಿಂದ ಶೇಕಡಾ ಪಾಠ ಇತ್ತು. ಅಳತೆಗೋಲನ್ನು ಮಕ್ಕಳ ಜೊತೆಗೇ ಹುಡುಕೋಣ ಎಂದುಕೊಂಡೆ.

ಮೊದಲ ಅವಧಿ: ಪಾವತಿ

ಮನೆಯಲ್ಲಿ ಕೇಳಿ, ಕೊಟ್ಟರೆ ಮಾತ್ರ, ಪಂಚಾಯಿತಿಯ ಮನೆಪಟ್ಟಿ ಪಾವತಿ ತನ್ನಿ ಎಂದು ಹಿಂದಿನ ದಿನ ಹೇಳಿದ್ದೆ. ಕೆಲವರು ತಂದರು. ಒಬ್ಬ ಕರೆಂಟ್ ಬಿಲ್ ತಂದಿದ್ದ, ಇನ್ನೊಬ್ಬಳು ಸೊಸೈಟಿ ಸಾಲದ ಪುಸ್ತಕವನ್ನೇ ತಂದಿದ್ದಳು. ಅದನ್ನು ತೆರೆಯದೆ ಚೀಲದಲ್ಲಿ ಇಡಿಸಿದೆ.

ಗ್ರಾಮ ಪಂಚಾಯಿತಿಯ ಮನೆ ತೆರಿಗೆಯ ಜೊತೆಗೆ ನಾಲ್ಕು ಕರಗಳು ಸೇರಿಕೊಂಡು ಬರುತ್ತವೆ: ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಮಕ್ಕಳಿಗೆ ಭಾರಿ ಸೋಜಿಗ ಎನಿಸಿದ್ದು ಕೊನೆಯದು. "ಭಿಕ್ಷುಕರೂ ಪಟ್ಟಿ ಕೊಡಬೇಕೇನ್ರಿ?" ಎಂದು ಒಬ್ಬ ಕೇಳಿ, ತರಗತಿ ಐದು ನಿಮಿಷ ನನ್ನ ಕೈಗೆ ಸಿಗಲಿಲ್ಲ. ಭಿಕ್ಷುಕರಿಂದ ಪಡೆಯುವ ಕರ ಅದಲ್ಲ, ಅವರ ಪುನರ್ವಸತಿಗೆ ಎಂದು ತಿಳಿಸಿ ಮುಂದುವರಿದೆ.

ಯಾರ ಮನೆಯ ತೆರಿಗೆ ಎಷ್ಟು ಎಂಬುದು ಹೊರಗೆ ಬರಬಾರದೆಂದು ಕಪ್ಪುಹಲಗೆಯ ಮೇಲೆ 600 ರೂಪಾಯಿ ತೆರಿಗೆ ಎಂದು ಹಿಡಿದು ಲೆಕ್ಕ ಮಾಡಿಸಿದೆ. ಆರೋಗ್ಯ 90, ಶಿಕ್ಷಣ 60, ಗ್ರಂಥಾಲಯ 36, ಭಿಕ್ಷುಕರ ಕರ 18. ನಾಲ್ಕೂ ಕೂಡಿದರೆ 204, ತೆರಿಗೆಯ ಶೇ 34. ಕಟ್ಟಬೇಕಾದ ಮೊತ್ತ 804. ಇಲ್ಲಿಯವರೆಗೆ ಪಾಠ ಯೋಜನೆಯಂತೆಯೇ ನಡೆಯಿತು.

ಆಮೇಲೆ ಒಬ್ಬ ಹುಡುಗಿ ತಾನಾಗಿಯೇ ಒಂದು ತೀರ್ಮಾನ ತೆಗೆದಳು: ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3, ಅಂದರೆ ನಮ್ಮ ಊರಿಗೆ ಗ್ರಂಥಾಲಯ ಎರಡು ಪಟ್ಟು ಬೇಕಾಗಿದೆ. ಅನುಪಾತ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ಏಕೆ ತಪ್ಪು ಎಂದು ಬಿಡಿಸಿ ಹೇಳಲು ನಾನು ತಡವರಿಸುತ್ತಿದ್ದಾಗ ಪಕ್ಕದ ಬೆಂಚಿನ ಹುಡುಗ ಕೇಳಿದ: "ಅಕ್ಕೋರ, ಈ ಹತ್ತು ಪರ್ಸೆಂಟ್ ಅಂತ ಯಾರು ಮಾಡ್ಯಾರ್ರಿ? ನಮ್ಮ ಪಂಚಾಯ್ತ್ಯಾಗ ಮಾಡ್ಯಾರೇನು?"

ಉತ್ತರ ಅವನ ಪ್ರಶ್ನೆಯಲ್ಲೇ ಇತ್ತು. ಕರದ ದರವನ್ನು ಗೊತ್ತುಮಾಡಿದ್ದು ರಾಜ್ಯ. ಗ್ರಾಮಸಭೆಯಲ್ಲಿ ಕೈಯೆತ್ತಿಸಿ ಯಾರೂ ಅದನ್ನು ಕೇಳಿಲ್ಲ. ಮಕ್ಕಳನ್ನು ಓದಿಸಲು ಹೊಲ ಮಾರಿದ ಮನೆಗೂ ಶೇ 10, ಶಾಲೆಯ ಮೆಟ್ಟಿಲು ಹತ್ತದ ಮನೆಗೂ ಶೇ 10. ಎಲ್ಲರಿಗೂ ಒಂದೇ ಆಗಿರುವ ಸಂಖ್ಯೆಯಿಂದ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ತಿಳಿಯದು. ಅಷ್ಟೇ ಹೇಳಿ ಗಂಟೆ ಬಾರಿಸುವುದನ್ನು ಕಾದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮನೆ ತೆರಿಗೆಗೂ ಪಟ್ಟಿ ಅನ್ನುತ್ತಾರೆ, ಜಾತ್ರೆಗೆ ಕೂಡಿಸುವ ವಂತಿಗೆಗೂ ಪಟ್ಟಿ ಅನ್ನುತ್ತಾರೆ. ಸಭೆಯಲ್ಲಿ ನಾನು ಎಡವಿದ್ದು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದರಿಂದ. ಜಾತ್ರೆಯ ಪಟ್ಟಿಯನ್ನು ಊರೇ ತೀರ್ಮಾನಿಸುತ್ತದೆ, ಊರೇ ಖರ್ಚು ಮಾಡುತ್ತದೆ, ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಓದುತ್ತಾರೆ. ಶಾಲೆಯ ಹಣದಲ್ಲಿ ಈ ಮೂರರಲ್ಲಿ ಒಂದೂ ಊರಿನ ಕೈಯಲ್ಲಿಲ್ಲ.

ಎರಡನೆಯ ಅವಧಿ: ಮೆಟ್ಟಿಲು ಮತ್ತು ಭಾಗಾಕಾರ

ಹಾಗಾದರೆ ಶಾಲೆಗೆ ಹಣ ಯಾವ ಲೆಕ್ಕದಲ್ಲಿ ಬರುತ್ತದೆ? ಮಕ್ಕಳಿಗೆ ಅರ್ಥವಾಗುವಂಥ ಒಂದು ಉದಾಹರಣೆ ಬೇಕಿತ್ತು. ಸಮಗ್ರ ಶಿಕ್ಷಣದಡಿ ಪ್ರತಿ ವರ್ಷ ಬರುವ ಶಾಲಾ ಅನುದಾನವನ್ನು ಆರಿಸಿಕೊಂಡೆ. ಸೀಮೆಸುಣ್ಣದಿಂದ ಹಿಡಿದು ಸಣ್ಣ ದುರಸ್ತಿಯವರೆಗೆ ಎಲ್ಲವೂ ಇದರಲ್ಲೇ ಆಗಬೇಕು. ಅದಕ್ಕೊಂದು ಮೆಟ್ಟಿಲು ಕ್ರಮವಿದೆ. 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ.

ಒಂದು ಮಗುವಿಗೆ ಎಷ್ಟು ಬಂತು ಎಂದು ಭಾಗಿಸಿ ನೋಡಿ ಎಂದೆ. 30 ಮಕ್ಕಳಿದ್ದರೆ ತಲೆಗೆ 333. ಇನ್ನೊಂದು ಮಗು ಸೇರಿ 31 ಆದರೆ 806. 100 ಮಕ್ಕಳಿಗೆ ತಲಾ 250, 101ಕ್ಕೆ 495. 250ಕ್ಕೆ ಬರುವ ಹೊತ್ತಿಗೆ ತಲಾ 200ಕ್ಕೆ ಇಳಿದಿರುತ್ತದೆ. ಮಕ್ಕಳು ಇದನ್ನು ನಕ್ಷೆಯಲ್ಲಿ ಗುರುತಿಸಿದರು. ಗೆರೆ ಜಾರುತ್ತಾ ಬಂದು ತಟ್ಟನೆ ಜಿಗಿಯುತ್ತದೆ, ಮತ್ತೆ ಜಾರುತ್ತದೆ. 7ನೆಯ ತರಗತಿಗೆ ಇಂಥ ನಕ್ಷೆ ಭಾರವಾಗುತ್ತದೆಂದು ಅಂಜಿದ್ದೆ. ಅವರಿಗೆ ಭಾರವಾಗಲಿಲ್ಲ, "ಜಾರುಬಂಡಿ" ಎಂದು ಹೆಸರನ್ನೂ ಇಟ್ಟರು.

ನಂತರ ವೇತನಕ್ಕೆ ಬಂದೆವು. ಶಾಲೆಯ ಖರ್ಚಿನ ಬಹುದೊಡ್ಡ ಪಾಲು ಅದೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೆಯ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಲೆಕ್ಕಕ್ಕಾಗಿ ಒಬ್ಬರ ವೇತನ ತಿಂಗಳಿಗೆ 50,000 ಎಂದು ಇಟ್ಟುಕೊಂಡೆವು. ಇಬ್ಬರಿಗೆ ವರ್ಷಕ್ಕೆ 12 ಲಕ್ಷ. 60 ಮಕ್ಕಳಿದ್ದರೆ ತಲಾ 20,000. 40 ಇದ್ದರೆ 30,000. 20 ಇದ್ದರೆ 60,000. ಹನ್ನೆರಡೇ ಮಕ್ಕಳು ಉಳಿದರೆ ತಲಾ ಒಂದು ಲಕ್ಷ.

ವಿಲೋಮ ಅನುಪಾತ ಅವರಿಗೆ 8ನೆಯ ತರಗತಿಯಲ್ಲಿ ಬರುತ್ತದೆ. ಆದರೆ ಆ ಹೆಸರಿಲ್ಲದೆಯೇ ವಿಷಯ ಅರ್ಥವಾಯಿತು. ಪಾಲಕರು ಶಾಲೆ ಬಿಡಿಸಿದಷ್ಟೂ ಉಳಿದ ಮಗುವಿನ ತಲಾ ವೆಚ್ಚ ಏರುತ್ತದೆ. ತಲಾ ವೆಚ್ಚವನ್ನೇ ಊರಿನ ವಿದ್ಯಾಪ್ರೀತಿ ಎಂದು ಓದುವುದಾದರೆ, ಹನ್ನೆರಡು ಮಕ್ಕಳು ಉಳಿದ ಶಾಲೆಯ ಊರು, 60 ಮಕ್ಕಳಿರುವ ಊರಿಗಿಂತ ಐದು ಪಟ್ಟು ಹೆಚ್ಚು ವಿದ್ಯಾಪ್ರೀತಿಯುಳ್ಳದ್ದು ಎನ್ನಬೇಕಾಗುತ್ತದೆ. ಅಲ್ಲಿ ನಿಜವಾಗಿ ನಡೆದಿರುವುದೇ ಬೇರೆ.

ಇದರ ತಿರುಗಾಮುರುಗಾ ಕೂಡ ನಿಜ. ಹಿರಿಯ ಶಿಕ್ಷಕರೊಬ್ಬರು ನಿವೃತ್ತರಾಗಿ ಆ ಜಾಗಕ್ಕೆ ಅತಿಥಿ ಶಿಕ್ಷಕರು ಬಂದರೆ ಶಾಲೆಯ ಖರ್ಚು ಒಮ್ಮೆಲೇ ಇಳಿಯುತ್ತದೆ. ಗೌರವಧನ ಖಾಯಂ ವೇತನದ ಒಂದು ಸಣ್ಣ ಪಾಲು. ಊರಿನವರ ಮನಸ್ಸು ಬದಲಾಗಿರುವುದಿಲ್ಲ, ಒಂದು ಹುದ್ದೆ ಖಾಲಿಯಾಗಿರುತ್ತದೆ ಅಷ್ಟೇ.

ಅಮೆರಿಕದ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟೀಬೂ 1956ರಲ್ಲಿ ಒಂದು ವಿಚಾರ ಮುಂದಿಟ್ಟರು. ಜನ ತಮಗೆ ಬೇಕಾದ ಸೌಲಭ್ಯ ಮತ್ತು ತಾವು ಕೊಡಲು ಸಿದ್ಧವಿರುವ ತೆರಿಗೆ ಎರಡೂ ಹೊಂದುವ ಊರನ್ನು ಹುಡುಕಿ ಅಲ್ಲಿಗೆ ಹೋಗಿ ನೆಲೆಸುತ್ತಾರೆ, ಹಾಗೆ ಕಾಲಿನಿಂದಲೇ ಮತ ಹಾಕುತ್ತಾರೆ ಎಂಬುದು ಅದರ ತಿರುಳು. ನಮ್ಮಲ್ಲಿ ಶಾಲೆಗಾಗಿ ಊರು ಬಿಡುವವರು ಕಡಿಮೆ. ದೊಡ್ಡವರು ಇದ್ದಲ್ಲೇ ಇರುತ್ತಾರೆ, ಮಕ್ಕಳು ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಹಾವೇರಿ, ಬ್ಯಾಡಗಿಯ ಕಡೆ ಹೋಗುತ್ತಾರೆ. ಆ ಬಸ್ಸಿನ ಫೀ ಸರಕಾರದ ಯಾವ ಲೆಕ್ಕಶೀರ್ಷಿಕೆಯಲ್ಲೂ ಬರುವುದಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದ ಕೂಲಿಯಲ್ಲಿ ಆ ಫೀ ಕಟ್ಟುವ ಮನೆಗಳನ್ನು ನಾನು ಬಲ್ಲೆ. ಅವರು ಕೊಳ್ಳುತ್ತಿರುವುದು ಶಿಕ್ಷಣವನ್ನೋ, ಇಂಗ್ಲಿಷನ್ನೋ, ನೆರೆಮನೆಯವರ ಎದುರಿನ ಮರ್ಯಾದೆಯನ್ನೋ ಎಂಬ ಚರ್ಚೆ ಬೇರೆ. ಬೆಲೆ ಕೊಡುತ್ತಿಲ್ಲ ಎಂದಂತೂ ಹೇಳುವ ಹಾಗಿಲ್ಲ.

ರೂಪಾಯಿಗೆ ಒಂದು ಆಣೆ

ಇಲ್ಲಿಂದ ಮುಂದಿನದು ತರಗತಿಯ ಪಾಠವಲ್ಲ. ಪಾಠದ ತಯಾರಿಗೆ ಓದಿದಾಗ ನನಗೆ ದಕ್ಕಿದ್ದು.

ಸ್ಥಳೀಯರಿಂದಲೇ ಶಾಲೆಗೆಂದು ಹಣ ಎತ್ತುವ ಪದ್ಧತಿ ನಮ್ಮ ಭಾಗಕ್ಕೆ ಹೊಸದಲ್ಲ. ಈಗಿನ ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ಇದು ಧಾರವಾಡ ಜಿಲ್ಲೆ, ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ. ಆ ಪ್ರಾಂತದಲ್ಲಿ 1863ರ ಸುಮಾರಿಗೆ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯ ಸ್ಥಳೀಯ ಕರ ಬಂತು. 1869ರಲ್ಲಿ ಅದಕ್ಕೆ ಕಾಯ್ದೆಯ ಬಲ ಸಿಕ್ಕಿತು. ವಸೂಲಾದದ್ದರಲ್ಲಿ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ಮುಖ್ಯವಾಗಿ ರಸ್ತೆ ಮುಂತಾದ ಕೆಲಸಗಳಿಗೆ. ಶೇಕಡಾ ಲೆಕ್ಕಕ್ಕೆ ಇದೂ ಒಳ್ಳೆಯ ಉದಾಹರಣೆ: ಹದಿನಾರರಲ್ಲಿ ಒಂದು ಎಂದರೆ ಶೇ 6.25, ಅದರ ಮೂರನೆಯ ಒಂದು ಪಾಲು ಶೇ 2.08.

ಆ ಕರ ಕಟ್ಟಿದ ರೈತನಿಗೆ ಶಾಲೆ ಸಿಕ್ಕಿತೇ? 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿರಾವ್ ಫುಲೆಯವರು ಸಲ್ಲಿಸಿದ ಹೇಳಿಕೆಯ ಮುಖ್ಯ ದೂರುಗಳಲ್ಲಿ ಇದೂ ಒಂದು. ಶಿಕ್ಷಣಕ್ಕೆಂದು ಎತ್ತಿದ ಕರ ಆ ಕೆಲಸಕ್ಕೆ ಖರ್ಚಾಗುತ್ತಿಲ್ಲ, ಪ್ರಾಂತದ ಹತ್ತರಲ್ಲಿ ಒಂಬತ್ತರಷ್ಟು ಹಳ್ಳಿಗಳಲ್ಲಿ ಪ್ರಾಥಮಿಕ ಶಿಕ್ಷಣದ ಏರ್ಪಾಡೇ ಇಲ್ಲ ಎಂದು ಅವರು ತಿಳಿಸಿದ್ದರು. ನಮ್ಮ ಕಡೆ ಇನ್ನೊಂದು ತೊಡಕೂ ಇತ್ತು. ಆ ಶತಮಾನದ ನಡುವಿನ ದಶಕಗಳಲ್ಲಿ ಕನ್ನಡದ ಮಕ್ಕಳು ಅನೇಕ ಕಡೆ ಮರಾಠಿ ಶಾಲೆಯಲ್ಲಿ ಕೂರಬೇಕಾಗಿತ್ತು. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಶ್ರಮಿಸಿದ್ದನ್ನು ನಮ್ಮಂಥ ಶಿಕ್ಷಕ ಶಿಕ್ಷಣ ಸಂಸ್ಥೆಗಳಲ್ಲಿ ಮತ್ತೆ ಹೇಳಬೇಕಿಲ್ಲ. ಊರಿನಲ್ಲಿ ಶಾಲೆ ಇಲ್ಲದೆ, ಇದ್ದರೂ ತನ್ನ ನುಡಿಯಲ್ಲಿ ಇಲ್ಲದೆ, ರೈತ ಮಾತ್ರ ಒಂದು ಆಣೆ ಕಟ್ಟುತ್ತಿದ್ದ. ಆ ಒಂದು ಆಣೆಯನ್ನು ಅವನ ವಿದ್ಯಾಪ್ರೀತಿ ಎಂದು ಓದಲು ಬರುವುದಿಲ್ಲ, ಅವನ ಮಗ ಶಾಲೆಗೆ ಹೋಗದಿದ್ದುದನ್ನು ಉದಾಸೀನ ಎಂದೂ ಓದಲು ಬರುವುದಿಲ್ಲ.

ಅಗಡಿಯವರಿಗೆ ಇದಕ್ಕೆ ಮನೆಯ ಬಾಗಿಲಲ್ಲೇ ಸಾಕ್ಷಿ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಡುತ್ತಿತ್ತು. ಅದರ ಸಂಪಾದಕತ್ವ ವಹಿಸಿದ್ದ ಗಳಗನಾಥರು ಮೊದಲು ಶಾಲಾ ಶಿಕ್ಷಕರಾಗಿದ್ದವರು. ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂಬುದು ಕನ್ನಡ ನಾಡಿಗೆಲ್ಲ ಗೊತ್ತಿರುವ ಸಂಗತಿ. ಅವರ ಪುಸ್ತಕ ಕೊಂಡವರು ಹಳ್ಳಿಯ ಜನ. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡ ಹುಡುಗರಿಗೆ ಜೋಳ ಕಳಿಸಿದವರೂ ಹಳ್ಳಿಯ ಭಕ್ತರು. ಆ ಜೋಳ ಸರಕಾರದ ಶಿಕ್ಷಣ ವೆಚ್ಚದ ಲೆಕ್ಕದಲ್ಲಿ ಎಂದೂ ಕಾಣಿಸಿಕೊಳ್ಳಲಿಲ್ಲ.

ನೂರು ರೂಪಾಯಿಯ ಸುತ್ತೋಲೆ

ನಮ್ಮ ಸಭೆಯಲ್ಲಿ ಕೇಳಿದ ನೂರು ರೂಪಾಯಿಗೂ ಒಂದು ಹಿನ್ನೆಲೆ ಇದೆ. 2022ರ ಅಕ್ಟೋಬರ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಶಾಲೆಯ ಅಗತ್ಯಗಳಿಗಾಗಿ ಎಸ್‌ಡಿಎಂಸಿಗಳು ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು, ಒತ್ತಾಯವಿಲ್ಲ ಎಂದು ಅದರಲ್ಲಿತ್ತು. ವಿರೋಧ ಎಷ್ಟು ಜೋರಾಗಿತ್ತೆಂದರೆ ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ಪಡೆಯಬೇಕಾಯಿತು.

ಬೆಲೆ ಕೊಡುವ ಮನಸ್ಸನ್ನು ಅಳೆಯುವ ಪ್ರಯೋಗವೇ ಎದುರಿಗೆ ಬಂದು ನಿಂತಂತಿತ್ತು ಅದು. ಮೇಲ್ನೋಟಕ್ಕೆ ಫಲಿತಾಂಶ: ಜನ ನೂರು ರೂಪಾಯಿ ಕೊಡಲು ಸಿದ್ಧರಿಲ್ಲ, ಆದ್ದರಿಂದ ಬೆಲೆ ನೂರಕ್ಕಿಂತ ಕಡಿಮೆ. ಸಭೆಯಲ್ಲಿ ನಾನು ಆಡಿದ್ದು ಇದೇ ತರ್ಕ. ವಿರೋಧಿಸಿದವರ ವಾದ ಬೇರೆಯಾಗಿತ್ತು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕಾಯ್ದೆ ಕೊಟ್ಟ ಹಕ್ಕು, ಅದಕ್ಕೆ ಮತ್ತೆ ದೇಣಿಗೆ ಕೇಳುವುದು ಹಕ್ಕನ್ನು ದಾನ ಮಾಡಿದಂತೆ ಎಂದು ಅವರು ಹೇಳಿದರು. ಬೆಲೆಯೇ ಇಲ್ಲದ ವಸ್ತುವಿಗಾಗಿ ಯಾರೂ ಹೀಗೆ ಜಗಳ ಮಾಡುವುದಿಲ್ಲ. ಕೊಡಲೊಲ್ಲೆ ಎಂಬುದರ ಹಿಂದೆ ಬೇಡ ಎಂಬ ಅರ್ಥವೂ ಇರಬಹುದು, ಇದು ನನಗೆ ಆಗಲೇ ಸಲ್ಲಬೇಕಾದದ್ದು ಎಂಬ ಅರ್ಥವೂ ಇರಬಹುದು. ಹಣದ ಡಬ್ಬಿಯಲ್ಲಿ ಎರಡೂ ಸೊನ್ನೆಯಾಗಿಯೇ ಕಾಣುತ್ತವೆ.

ಊರೇ ತನ್ನ ಶಾಲೆಯ ತೆರಿಗೆಯನ್ನು ತೀರ್ಮಾನಿಸುವಂತಾದರೆ ಅಳತೆ ಸರಿಯಾದೀತೇ ಎಂದು ಸಹಪಾಠಿಯೊಬ್ಬಳು ಕೇಳಿದಳು. ಅಮೆರಿಕದಲ್ಲಿ ಅಂಥ ವ್ಯವಸ್ಥೆ ಇದೆ, ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಎರಡು ಶಾಲಾ ಜಿಲ್ಲೆಗಳ ಮೊಕದ್ದಮೆ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬಡವರ ಎಡ್ಜ್‌ವುಡ್‌ನಲ್ಲಿ ಪ್ರತಿ 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಹಾಕಿಕೊಂಡಿದ್ದರು. ಸಿರಿವಂತರ ಅಲಾಮೊ ಹೈಟ್ಸ್‌ನಲ್ಲಿ 0.85 ಡಾಲರ್. ಅಂದರೆ ಬಡವರು ಹೆಚ್ಚು ಹೊರೆ ಹೊತ್ತಿದ್ದರು. ಆದರೆ 1967-68ರಲ್ಲಿ, ರಾಜ್ಯದ ಯೋಜನೆಗೆ ಸಲ್ಲಬೇಕಾದ ಪಾಲು ಕಳೆದು, ಸ್ಥಳೀಯ ತೆರಿಗೆಯಿಂದ ಒಂದು ಮಗುವಿಗೆ ಸಿಕ್ಕಿದ್ದು ಎಡ್ಜ್‌ವುಡ್‌ನಲ್ಲಿ 26 ಡಾಲರ್, ಅಲಾಮೊ ಹೈಟ್ಸ್‌ನಲ್ಲಿ 333 ಡಾಲರ್. ಎಲ್ಲ ಮೂಲಗಳೂ ಸೇರಿ 356 ಮತ್ತು 594. ಕಾರಣ, ಒಂದು ಕಡೆ ಮಗುವೊಂದರ ಲೆಕ್ಕಕ್ಕೆ ಬರುವ ಆಸ್ತಿ 5,960 ಡಾಲರ್, ಇನ್ನೊಂದು ಕಡೆ 49,000ಕ್ಕೂ ಹೆಚ್ಚು. 1973ರಲ್ಲಿ ಕೋರ್ಟು 5-4ರ ಬಹುಮತದಿಂದ ಆ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು.

ಶೇಕಡಾ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹೆಚ್ಚು ದರ, ಕಡಿಮೆ ಮೊತ್ತ. ವಿದ್ಯಾಪ್ರೀತಿಗೆ ಹತ್ತಿರದ ಅಳತೆ ಯಾವುದಾದರೂ ಇದ್ದರೆ ಅದು ದರ, ಇದ್ದುದರಲ್ಲಿ ಎಷ್ಟು ಪಾಲು ಕೊಟ್ಟರು ಎಂಬುದು. ಆದರೆ ಶಾಲೆಯ ಗೋಡೆ ಏಳುವುದು ಮೊತ್ತದಿಂದ. ಊರಿನ ಪ್ರೀತಿಯ ಮೇಲೆ ಶಾಲೆಯ ಖರ್ಚನ್ನು ಬಿಟ್ಟುಕೊಟ್ಟರೆ ಹೊಲವಿಲ್ಲದವರ ಊರಿಗೆ ಎಡ್ಜ್‌ವುಡ್ಡೇ ಗತಿ. ಹಾಗಾಗಿ ರಾಜ್ಯವೇ ವೇತನ ಕೊಡುವ, ರಾಜ್ಯವೇ ಮೆಟ್ಟಿಲು ಕಟ್ಟುವ ನಮ್ಮ ವ್ಯವಸ್ಥೆಯನ್ನು ನಾನು ದೂರುತ್ತಿಲ್ಲ. ಅದರ ಅಂಕಿಗಳನ್ನು ಊರಿನ ಮನಸ್ಸಿನ ಕನ್ನಡಿ ಎಂದು ತಿಳಿಯುವುದಷ್ಟೇ ತಪ್ಪು.

ರಾಜ್ಯದ ಮಟ್ಟದಲ್ಲಾದರೂ ಬಜೆಟ್ ಜನರ ಮನಸ್ಸನ್ನು ತೋರಿಸುವುದಿಲ್ಲವೇ, ಮತ ಹಾಕಿದವರು ನಾವೇ ಅಲ್ಲವೇ ಎಂಬ ಆಕ್ಷೇಪ ನಮ್ಮ ವಿಚಾರಗೋಷ್ಠಿಯಲ್ಲಿ ಬಂತು. ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ. 2024-25ರ ಕರ್ನಾಟಕ ಬಜೆಟ್ಟಿನಲ್ಲಿ ಸುಮಾರು 3.71 ಲಕ್ಷ ಕೋಟಿಯಲ್ಲಿ ಶಿಕ್ಷಣಕ್ಕೆ 44,422 ಕೋಟಿ, ಅಂದರೆ ಶೇ 12ರಷ್ಟು ಇತ್ತು. ಆದರೆ ನಾವು ಹಾಕುವುದು ಒಂದು ಮತ. ಅದರಲ್ಲಿ ರಸ್ತೆ, ನೀರು, ಜಾತಿ, ಅಭ್ಯರ್ಥಿಯ ಪರಿಚಯ ಎಲ್ಲವೂ ಸೇರಿರುತ್ತವೆ. ಅದರೊಳಗಿಂದ ಶಾಲೆಯ ಪಾಲನ್ನಷ್ಟೇ ಬಿಡಿಸಿ ತೆಗೆಯುವ ಭಾಗಾಕಾರ ನನಗೆ ಗೊತ್ತಿಲ್ಲ. ಕೊಠಾರಿ ಆಯೋಗ 1966ರಲ್ಲಿಯೇ ರಾಷ್ಟ್ರೀಯ ಆದಾಯದ ಶೇ 6 ಶಿಕ್ಷಣಕ್ಕೆ ಎಂದು ಹೇಳಿತು. ಆ ಗುರಿ ಇಂದಿಗೂ ಮುಟ್ಟಿಲ್ಲ. ದೇಶದ ಜನ ಆರು ದಶಕಗಳಿಂದ ಶಿಕ್ಷಣವನ್ನು ಕಡೆಗಣಿಸುತ್ತಲೇ ಬಂದಿದ್ದಾರೆ ಎಂದು ಅದರಿಂದ ಯಾರೂ ಹೇಳುವುದಿಲ್ಲ.

ಮೂರನೆಯ ಅವಧಿ: ಚೀಟಿಗಳು

ಮೂರನೆಯ ಅವಧಿಯಲ್ಲಿ ಎರಡು ತಪ್ಪು ಮಾಡಿದೆ. ಇದೇ ಪಾಠವನ್ನು ಬೇರೆ ಕಡೆ ಮಾಡುವವರಿಗಾಗಿ ಎರಡನ್ನೂ ಬರೆಯುತ್ತೇನೆ.

ಮೊದಲನೆಯದು. ನಿಮ್ಮ ಮನೆಯಲ್ಲಿ ನಿಮ್ಮ ಓದಿಗೆ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಬರೆದದ್ದನ್ನು ಓದಲೂ ಹೇಳಿದೆ. ಎರಡನೆಯ ಮಗುವಿಗೆ ಬರುವಷ್ಟರಲ್ಲಿ ಪೈಪೋಟಿ ಶುರುವಾಗಿತ್ತು. ಮೂರನೆಯವಳು ಎದ್ದು ನಿಂತು "ಏನೂ ಇಲ್ರಿ" ಎಂದು ಕುಳಿತಳು. ಮನೆಯ ಬಡತನವನ್ನು ಮಗುವಿನ ಬಾಯಿಂದ ಎಲ್ಲರ ಎದುರು ಹೇಳಿಸಿದಂತಾಯಿತು. ಅಲ್ಲಿಗೇ ನಿಲ್ಲಿಸಿದೆ.

ಸಣ್ಣ ಚೀಟಿ ಕೊಟ್ಟು, ಹೆಸರು ಬೇಡ, ರೂಪಾಯಿಯೂ ಬೇಡ, ನಿಮ್ಮ ಓದಿಗಾಗಿ ಮನೆಯವರು ಏನು ಕೊಟ್ಟಿದ್ದಾರೆ ಅಥವಾ ಏನು ಬಿಟ್ಟಿದ್ದಾರೆ ಎಂಬುದನ್ನಷ್ಟೇ ಬರೆಯಿರಿ ಎಂದೆ. ಚೀಟಿಗಳನ್ನು ಮಡಚಿ ಸೀಮೆಸುಣ್ಣದ ಡಬ್ಬಿಯಲ್ಲಿ ಹಾಕಿದರು. ಅವುಗಳಲ್ಲಿ ಇದ್ದದ್ದು: ಅಕ್ಕ ಶಾಲೆ ಬಿಟ್ಟು ಕೆಲಸಕ್ಕೆ ಹೋಗುತ್ತಾಳೆ, ನಾನು ಹೋಗುವುದಿಲ್ಲ. ಪರೀಕ್ಷೆ ಇದ್ದಾಗ ಟಿ.ವಿ. ಹಚ್ಚುವುದಿಲ್ಲ. ಅಪ್ಪ ಕುಡಿಯುವುದನ್ನು ಬಿಟ್ಟಿದ್ದಾರೆ, ಪೂರ್ತಿ ಅಲ್ಲ. ಎಮ್ಮೆ ಮಾರಿ ಅಣ್ಣನ ಕಾಲೇಜಿಗೆ ಕಟ್ಟಿದರು. ಅವ್ವ ಕನ್ನಡ ಓದಲು ಬರದಿದ್ದರೂ ನಾನು ಓದುವಾಗ ಪಕ್ಕದಲ್ಲಿ ಕೂಡುತ್ತಾಳೆ. ಒಂದು ಚೀಟಿ ಖಾಲಿ ಇತ್ತು. ಅದನ್ನೂ ಉಳಿದವುಗಳ ಜೊತೆಗೇ ಇಟ್ಟುಕೊಂಡಿದ್ದೇನೆ.

ಇವುಗಳಲ್ಲಿ ಹೆಚ್ಚಿನವನ್ನು ರೂಪಾಯಿಗೆ ಇಳಿಸಲು ಬರುವುದಿಲ್ಲ. ಅಕ್ಕ ಬಿಟ್ಟ ಶಾಲೆಯಂತೂ ವಿದ್ಯಾಪ್ರೀತಿಯ ಕಲಮಿನಲ್ಲಿ ಬರೆಯಬೇಕೋ ಅದರ ಎದುರಿನ ಕಲಮಿನಲ್ಲಿ ಬರೆಯಬೇಕೋ ನನಗೆ ಇನ್ನೂ ತಿಳಿದಿಲ್ಲ. ಕೂಲಿಯ ಒಂದು ಲೆಕ್ಕವನ್ನು ಮಾತ್ರ ಹಲಗೆಯ ಮೇಲೆ ಮಾಡಿಸಿದೆ. ದಿನಕ್ಕೆ 300 ರೂಪಾಯಿ ಕೂಲಿ, ತಿಂಗಳಿಗೆ 20 ದಿನ ಕೆಲಸ. ಒಂದು ಸಭೆಗಾಗಿ ಕೆಲಸ ಬಿಟ್ಟರೆ ತಿಂಗಳ ಗಳಿಕೆಯ ಶೇ ಎಷ್ಟು ಹೋಯಿತು? ಶೇ 5. ತಿಂಗಳಿಗೆ 60,000 ಸಂಬಳ ಇರುವವರಿಗೆ ಅದೇ ಶೇ 5 ಎಂದರೆ ಎಷ್ಟು? 3,000 ರೂಪಾಯಿ. ಸಭೆಯಲ್ಲಿ ಎದ್ದು ನಿಂತ ತಾಯಿಯ ಮಗ ಈ ತರಗತಿಯಲ್ಲೇ ಇದ್ದಾನೆ. ಅವನೇ ಮೊದಲು ಉತ್ತರ ಹೇಳಿದ.

ಎರಡನೆಯ ತಪ್ಪು. ಅನುದಾನದ ಮೆಟ್ಟಿಲನ್ನು ಮತ್ತೆ ನೆನಪಿಸಲು ನಮ್ಮ ಶಾಲೆಯ ದಾಖಲಾತಿಯನ್ನೇ ಉದಾಹರಣೆಗೆ ತೆಗೆದುಕೊಂಡೆ. ಅದು ನೂರರ ಗೆರೆಗಿಂತ ತುಸುವೇ ಮೇಲಿದೆ. ಒಬ್ಬ ಹುಡುಗ ಥಟ್ಟನೆ ಕೇಳಿದ: "ಅಕ್ಕೋರ, ಸುಗ್ಗಿ ಆದ ಮ್ಯಾಲೆ ಇವರ ಮನಿಯವರು ಮಂಗಳೂರಿಗೆ ದುಡಿಯಾಕ ಹೊಕ್ಕಾರ. ಮೂರೂ ಮಂದೀನ ಕರಕೊಂಡ ಹೋದ್ರ ನಮ್ಮ ಸಾಲಿ ರೊಕ್ಕ ಅರ್ಧಾ ಆಕ್ಕತೇನ್ರಿ?" ಲೆಕ್ಕ ಸರಿ: 50,000ದಿಂದ 25,000ಕ್ಕೆ. ಅವನು ಬೆರಳು ತೋರಿಸಿದ ಹುಡುಗಿ ಎರಡನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಹಲಗೆ ಒರೆಸಿ ಬೇರೆ ಊರಿನ, ಬೇರೆ ಸಂಖ್ಯೆಯ ಶಾಲೆ ಬರೆದೆ. ಈ ಪಾಠ ಮಾಡುವವರು ತಮ್ಮದೇ ಶಾಲೆಯ ಸಂಖ್ಯೆಯನ್ನು ದಯವಿಟ್ಟು ಬಳಸಬೇಡಿ.

ಘಟಕ ಪರೀಕ್ಷೆಯಲ್ಲಿ ಶೇಕಡಾ ಲೆಕ್ಕಗಳನ್ನು ಹೆಚ್ಚಿನ ಮಕ್ಕಳು ಸರಿಯಾಗಿ ಮಾಡಿದರು. ಯಾವುದರ ಶೇಕಡಾ ಎಂಬುದನ್ನು ಬರೆಯದೆ ಬರಿ ಸಂಖ್ಯೆ ಬರೆದವರು ಕೆಲವರಿದ್ದರು. ಅವರಿಗೆ ಮತ್ತೊಮ್ಮೆ ಪಾವತಿಯನ್ನೇ ಕೈಗೆ ಕೊಟ್ಟೆ.

ನಲಿ-ಕಲಿ ಕೋಣೆಯ ಫ್ಯಾನ್ ಈಗ ತಿರುಗುತ್ತಿದೆ. ವೈರಿಂಗ್ ಕೆಲಸ ಮಾಡುವ ಪಾಲಕರೊಬ್ಬರು ಒಂದು ರವಿವಾರ ಬಂದು ಕಂಡೆನ್ಸರ್ ಬದಲಿಸಿ ಹೋದರು. ಆ ದಿನದ ಸಭೆಗೆ ಅವರು ಬಂದಿರಲಿಲ್ಲ. ಶಾಲೆಯ ನಗದು ಪುಸ್ತಕದಲ್ಲಿ ಕಂಡೆನ್ಸರ್ 80 ರೂಪಾಯಿ ಎಂದು ಬರೆಯಲಾಗಿದೆ. ಕೂಲಿಯ ಕಲಮಿನಲ್ಲಿ ಒಂದು ಅಡ್ಡಗೆರೆ ಇದೆ.